ಸೀಬೆ ಪ್ಯೂರಿ ಡೈರಿ: ಏಳನೇ ಬ್ಯಾಚ್‌ವರೆಗೆ

ಮೊದಲ ಬ್ಯಾಚ್ ದಿನ ನನಗಿದ್ದ ಧೈರ್ಯ ಈಗಿಲ್ಲ. ಹಣ್ಣು ಅರೆಯುವುದು, ಸೋಸುವುದು, ಬಾಟಲಿಗೆ ತುಂಬುವುದು. ಅಷ್ಟೇ ತಾನೇ ಅಂದುಕೊಂಡಿದ್ದೆ. ಈಗ ಟಿಪ್ಪಣಿ ಪುಸ್ತಕ ತಿರುವಿದರೆ ಕೆಂಪು ಶಾಯಿಯೇ ಜಾಸ್ತಿ ಕಾಣುತ್ತದೆ. ತಪ್ಪುಗಳಿಗೆ ಕೆಂಪು ಅಂತ ನಾನೇ ಇಟ್ಟುಕೊಂಡ ನಿಯಮ, ಏನು ಮಾಡೋದು.

ಬ್ಯಾಚ್ 1. ಕೆಂಪು ತಿರುಳಿನ ಸೀಬೆ, 10 ಕಿಲೋ. ಹೆಚ್ಚಿ ಮಿಕ್ಸಿಗೆ ಹಾಕಿದೆ. ಅಲ್ಲೇ ಎಡವಟ್ಟಾಗಿದ್ದು. ಬೀಜಗಳು ನುಚ್ಚಾಗಿ ಜರಡಿಯಲ್ಲಿ ಇಳಿದವು. ಪ್ಯೂರಿ ತುಂಬ ಕಂದು ಚುಕ್ಕೆ, ಬಾಯಿಗೆ ಒಗರು. 5.8 ಕಿಲೋ ಸಿಕ್ಕಿತ್ತು. ಅಷ್ಟನ್ನೂ ನಾವೇ ತಿಂದು ಮುಗಿಸಿದೆವು. ಸೀಬೆಗೆ ಮಿಕ್ಸಿ ಬೇಡ ಅಂತ ಆವತ್ತೇ ಗೊತ್ತಾಯಿತು. ತಿರುಳನ್ನು ಜರಡಿಯ ಮೇಲೆ ಒತ್ತಿ ಇಳಿಸಬೇಕು, ಬೀಜ ಇಡಿಯಾಗಿಯೇ ಮೇಲೆ ಉಳಿಯಬೇಕು.

ಬ್ಯಾಚ್ 2. ಕೈಯಲ್ಲಿ ತಿರುಗಿಸುವ ಪಲ್ಪರ್ (ತಿರುಳನ್ನು ಜರಡಿಗೆ ಒತ್ತಿ ಇಳಿಸುವ ಯಂತ್ರ), 1.2 ಮಿಲಿಮೀಟರ್ ತೂತಿನ ಜರಡಿ. ಚುಕ್ಕೆ ಇಲ್ಲ, ಬಣ್ಣ ಚೆನ್ನಾಗಿದೆ. ಖುಷಿಯಲ್ಲಿ ಐಸ್‌ಕ್ರೀಂ ಮಾಡುವ ಪರಿಚಯದವರಿಗೆ ಒಂದು ಬಾಟಲಿ ಕೊಟ್ಟೆ. ನಾಲಿಗೆ ಮೇಲೆ ಇಟ್ಟುಕೊಂಡು ಒಂದು ನಿಮಿಷ ಸುಮ್ನೆ ಇದ್ದರು. ಆಮೇಲೆ, "ರುಚಿ ಚೆನ್ನಾಗಿದೆ, ಆದ್ರೆ ಮರಳು ಸಿಗ್ತಿದೆಯಲ್ಲ, ಹಣ್ಣು ಸರಿಯಾಗಿ ತೊಳೆದಿದ್ರಾ?" ಅಂದರು.

ಅವಮಾನ ಅನ್ನಿಸಿತು. ಮುಂದಿನ ಹಣ್ಣನ್ನು ಮೂರು ಸಲ ತೊಳೆದೆ. ಆದರೂ ಮರಳು! ಕೊನೆಗೆ ಗೊತ್ತಾಗಿದ್ದು, ಅದು ಮಣ್ಣಲ್ಲ, ಹಣ್ಣಿನದೇ ಗುಣ. ಸೀಬೆಯ ಹೊರಭಾಗದ ತಿರುಳಿನಲ್ಲಿ ಗೋಡೆ ದಪ್ಪವಾಗಿ ಗಟ್ಟಿಯಾದ ಕಲ್ಲುಕೋಶಗಳು ಇರುತ್ತವೆ. ಪಿಯರ್ ಹಣ್ಣು ಕಚ್ಚಿದಾಗ ಹಲ್ಲಿಗೆ ಸಿಗುವ ನರನರ ಕೂಡ ಇದೇ. ಬೇಯಿಸಿದರೂ ಕರಗುವುದಿಲ್ಲ, ತೊಳೆದರಂತೂ ಹೋಗುವ ಮಾತೇ ಇಲ್ಲ. ಜರಡಿಯಲ್ಲೇ ಹಿಡಿಯಬೇಕು. ಹಾಗಾಗಿ ಎರಡನೇ ಸುತ್ತಿಗೆ 0.5 ಮಿಲಿಮೀಟರ್ ಜರಡಿ ತಂದೆ. ತಣ್ಣಗಿನ ತಿರುಳು ಅದರಲ್ಲಿ ಇಳಿಯಲೇ ಇಲ್ಲ, ತೋಳು ಬಿದ್ದುಹೋಯಿತು. ಬಿಸಿ ಇರುವಾಗಲೇ ಹಾಕಿದರೆ ಸಲೀಸಾಗಿ ಇಳಿಯುತ್ತದೆ.

ಬ್ಯಾಚ್ 3. ನೋಡೋಕೆ ಮುದ್ದಾಗಿತ್ತು. ನಾಲ್ಕನೇ ದಿನ ಬಾಟಲಿಯಲ್ಲಿ ಎರಡು ಪದರ. ಒಂದು ಕಡೆ ತಿಳಿ ನೀರು, ಇನ್ನೊಂದು ಕಡೆ ಮುದ್ದೆ. ಕೆಟ್ಟಿರಲಿಲ್ಲ, ಒಡೆದಿತ್ತು ಅಷ್ಟೇ. ಇದಕ್ಕೆ ಕಾರಣ ಹುಡುಕುವುದರಲ್ಲಿ ಒಂದು ವಾರ ಹೋಯಿತು.

ತಿರುಳನ್ನೂ ನೀರನ್ನೂ ಹಿಡಿದಿಡುವುದು ಪೆಕ್ಟಿನ್. ಸೀಬೆಯಲ್ಲಿ ಅದು ಧಾರಾಳ. ಆದರೆ ಅದೇ ಹಣ್ಣಿನಲ್ಲಿ ಪೆಕ್ಟಿನ್ನನ್ನು ಮುರಿಯುವ ಕಿಣ್ವಗಳೂ ಇವೆ. ಹಣ್ಣು ಹೆಚ್ಚಿದ ಕ್ಷಣದಿಂದ ಅವು ಕೆಲಸ ಶುರು ಮಾಡುತ್ತವೆ. ನಾನು ಮಾಡಿದ್ದೇನು? ತಣ್ಣಗೆ ಅರೆದು, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಆಮೇಲೆ ಸೋಸಿದ್ದು. ಉಗುರುಬೆಚ್ಚಗಿನ ಹದದಲ್ಲಿ ಕಿಣ್ವಗಳಿಗೆ ಹಬ್ಬ. ಬಿಸಿ ಅವುಗಳನ್ನು ಕೊಲ್ಲುವ ಹೊತ್ತಿಗೆ ಪೆಕ್ಟಿನ್ ಕೆಟ್ಟಾಗಿತ್ತು. ಟೊಮೆಟೊ ಕಾರ್ಖಾನೆಯವರು ಇದಕ್ಕೆ ಹಾಟ್ ಬ್ರೇಕ್ ಮಾಡುತ್ತಾರೆ. ಅಂದರೆ ಮೊದಲು ಬೇಗ ಕಾಯಿಸುವುದು, ಆಮೇಲೆ ಅರೆಯುವುದು.

ಬ್ಯಾಚ್ 4ರಲ್ಲಿ ಹಾಗೇ ಮಾಡಿದೆ. ಹೆಚ್ಚಿದ ಹೋಳುಗಳನ್ನು ಕಾಯುವ ಹಬೆಗೆ ತೆಳುವಾಗಿ ಹರಡಿ, ಹೋಳಿನ ನಡುವಿನ ಬಿಸಿ 90 ಡಿಗ್ರಿ ದಾಟಿದ ಮೇಲೆ ಪಲ್ಪರ್‌ಗೆ. ಒಡೆಯಲಿಲ್ಲ. ಬಣ್ಣವೂ ಮಂಕಾಗಲಿಲ್ಲ, ಕಂದು ಮಾಡುವ ಕಿಣ್ವಕ್ಕೂ ಅದೇ ಬಿಸಿ ಸಾಕು. ತಿಂಗಳಾದರೂ ಬಾಟಲಿ ಹಾಗೇ ಇದೆ. ಕಪಾಟಿನಲ್ಲಿ ಸುಮ್ನೆ ನೋಡೋಕೆ ಅಂತ ಒಂದನ್ನು ಇಟ್ಟುಕೊಂಡಿದ್ದೇನೆ.

ಬ್ಯಾಚ್ 5. ಬ್ರಿಕ್ಸ್ ಕಥೆ. ಬ್ರಿಕ್ಸ್ ಅಂದರೆ 100 ಗ್ರಾಂನಲ್ಲಿ ಕರಗಿರುವ ಅಂಶ ಎಷ್ಟು ಗ್ರಾಂ ಅನ್ನುವ ಲೆಕ್ಕ. ಅದರಲ್ಲಿ ಬಹುಪಾಲು ಸಕ್ಕರೆ. ಸೀಬೆ ಪ್ಯೂರಿಗೆ ಕೋಡೆಕ್ಸ್‌ನ (ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಸಂಸ್ಥೆ) 2005ರ ಹಣ್ಣಿನ ರಸದ ಮಾನದಂಡದಲ್ಲಿ ಕನಿಷ್ಠ 8.5. ಮಾವಿಗೆ 13.5. ಬ್ರಿಕ್ಸ್ ಅಳೆಯುವ ನನ್ನ ರಿಫ್ರಾಕ್ಟೋಮೀಟರ್ 7.9 ತೋರಿಸಿತು. ಹಣ್ಣು ಕೊಟ್ಟವರನ್ನು ಮನಸ್ಸಿನಲ್ಲೇ ಬೈದೆ. ಮರುದಿನ ಅದೇ ಬಾಟಲಿ 8.8! ಹಿಂದಿನ ದಿನ ನಾನು ಬಿಸಿ ಪ್ಯೂರಿಯನ್ನೇ ಉಪಕರಣದ ಗಾಜಿನ ಮೇಲೆ ಹಾಕಿದ್ದೆ. ಉಪಕರಣ 20 ಡಿಗ್ರಿಗೆ ಹೊಂದಿಸಿದ್ದು, ಬಿಸಿ ಮಾದರಿಯಲ್ಲಿ ಕಡಿಮೆ ತೋರಿಸುತ್ತದೆ. ಈಗ ಮಾದರಿ ತಣಿಸಿ, ಬಟ್ಟೆಯಲ್ಲಿ ಹಿಂಡಿ, ಬಂದ ತಿಳಿರಸವನ್ನೇ ಹಾಕುತ್ತೇನೆ. ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಅಷ್ಟರಲ್ಲಿ ಐಸ್‌ಕ್ರೀಂನವರು ನಾಲ್ಕನೇ ಬ್ಯಾಚ್ ಮೆಚ್ಚಿ, "ಇದೇ ಕಳಿಸಿ, ಆದ್ರೆ ಪ್ರತಿ ಸಲ ಇದೇ ಬರಬೇಕು" ಅಂದರು. ಹೇಳೋಕೆ ಎಷ್ಟು ಸುಲಭ ಅಲ್ವಾ! ಹಣ್ಣು ಪ್ರತಿ ವಾರ ಬೇರೆ. ಅವರದಂತೂ ತೂಕ ಹಾಕಿ ಮಾಡುವ ರೆಸಿಪಿ. ನನ್ನ ಬ್ರಿಕ್ಸ್ ಏರಿಳಿದರೆ ಅವರ ಸಕ್ಕರೆ ಲೆಕ್ಕ ತಪ್ಪುತ್ತದೆ, ಐಸ್‌ಕ್ರೀಂ ಒಂದು ಸಲ ಕಲ್ಲು, ಇನ್ನೊಂದು ಸಲ ಮೆತ್ತಗೆ.

ಬ್ಯಾಚ್ 6. ಅದಕ್ಕೆ ಬೆರಕೆ ಮಾಡಲು ಕಲಿತೆ. ಒಂದು ಲಾಟ್ 7.6 ಇತ್ತು, ಇನ್ನೊಂದು 10. ಗುರಿ 9. ಗುರಿಯಿಂದ ಎಷ್ಟು ದೂರ ಅಂತ ನೋಡಿ ಅಡ್ಡಡ್ಡ ಬರೆದರೆ ಆಯಿತು: ತೆಳುವಾದದ್ದು 1 ಪಾಲು, ಸಿಹಿಯಾದದ್ದು 1.4 ಪಾಲು. ಅಂದರೆ 5 ಕಿಲೋಗೆ 7 ಕಿಲೋ. ಅಳೆದೆ, 9 ಬಂತು. ಶಾಲೆಯ ಗಣಿತ ಇಷ್ಟು ವರ್ಷದ ಮೇಲೆ ಕೈ ಹಿಡಿಯಿತು.

ಬೇಕರಿಯವರೊಬ್ಬರು 18 ಬ್ರಿಕ್ಸ್ ಗಟ್ಟಿ ಪ್ಯೂರಿ ಕೇಳಿದರು. 9ರಿಂದ 18 ಅಂದರೆ ತೂಕದಲ್ಲಿ ಅರ್ಧದಷ್ಟು ನೀರು ಹಾರಿಸಬೇಕು. ತೆರೆದ ಬಾಣಲೆಯಲ್ಲಿ ಹಾರಿಸಿದೆ. ಜಾಮ್ ವಾಸನೆ, ಇಟ್ಟಿಗೆ ಬಣ್ಣ. ಕಾರ್ಖಾನೆಗಳಲ್ಲಿ ನಿರ್ವಾತದಲ್ಲಿ, ಕಡಿಮೆ ಬಿಸಿಗೆ ಕುದಿಸುತ್ತಾರೆ. ನನ್ನ ಹತ್ತಿರ ಅದಿಲ್ಲ. ಆಗೋದಿಲ್ಲ ಅಂತ ನೇರ ಹೇಳಿದೆ. ಒಂದು ವಿಷಯ ಮಾತ್ರ ಬರೆದಿಟ್ಟುಕೊಂಡೆ: ಎರಡು ಪ್ಯೂರಿಗಳ ದರವನ್ನು ಬರೀ ಕಿಲೋ ಲೆಕ್ಕದಲ್ಲಿ ಹೋಲಿಸಿದರೆ ಮೋಸ ಹೋಗುತ್ತೇವೆ. 18ರ ಒಂದು ಕಿಲೋ, 9ರ ಎರಡು ಕಿಲೋಗೆ ಸಮ.

ಪರವಾನಗಿ, ಲೇಬಲ್ ಕೆಲಸ ಮುಗಿಯಿತು. ಓಡಾಟ ಜಾಸ್ತಿ, ಬರೆಯುವಂಥದ್ದು ಕಡಿಮೆ.

ಬ್ಯಾಚ್ 7. ಹಣ್ಣು 20 ಕಿಲೋ, ಪ್ಯೂರಿ 13 ಕಿಲೋ. ಬ್ರಿಕ್ಸ್ 9.1, ಪಿಎಚ್ 3.9. ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಕಡಿಮೆ ಆದಷ್ಟೂ ಹುಳಿ ಜಾಸ್ತಿ. ಅದನ್ನು ಅಳೆಯದೆ ತುಂಬುವುದೇ ಇಲ್ಲ ಅಂತ ನಿರ್ಧರಿಸಿದ್ದೇನೆ. 4.6ಕ್ಕಿಂತ ಕೆಳಗಿದ್ದರೆ ಮುಚ್ಚಿದ ಬಾಟಲಿಯಲ್ಲಿ ವಿಷ ಮಾಡುವ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣು ಮೊಳೆಯುವುದಿಲ್ಲ, ಹಾಗಾಗಿ ಪ್ಯೂರಿಯನ್ನು ಬಿಸಿಬಿಸಿಯಾಗಿ ತುಂಬಿದರೇ ಸಾಕು. ಬಾಳೆಹಣ್ಣು ಎಷ್ಟೋ ಸಲ ಈ ಗೆರೆಯ ಮೇಲೇ ಇರುತ್ತದೆ. ಅದನ್ನು ಮಾಡುವವರು ಸಿಟ್ರಿಕ್ ಆಮ್ಲ ಹಾಕಿ ಇಳಿಸಲೇಬೇಕು. 88 ಡಿಗ್ರಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಮೂರು ನಿಮಿಷ ತಲೆಕೆಳಗೆ ಇಟ್ಟೆ. ಮುಚ್ಚಳದ ಒಳಮೈಗೂ ಬಿಸಿ ತಾಗಲಿ ಅಂತ. ಆಮೇಲೆ ಬೆಚ್ಚಗಿನ ನೀರು, ನಂತರ ತಣ್ಣೀರು. ಒಮ್ಮೆಗೇ ತಣ್ಣೀರಿಗೆ ಇಳಿಸಿ ಎರಡು ಗಾಜಿನ ಬಾಟಲಿ ಒಡೆದದ್ದು ಆರನೇ ಬ್ಯಾಚ್‌ನ ಪುಟದಲ್ಲಿದೆ, ಕೆಂಪು ಶಾಯಿಯಲ್ಲೇ.

ನಾಲ್ಕು ಬಾಟಲಿ ಐಸ್‌ಕ್ರೀಂನವರಿಗೆ ಹೋಯಿತು. ಜೊತೆಗೆ ಲಾಟ್ ನಂಬರ್, ಬ್ರಿಕ್ಸ್, ಪಿಎಚ್, ಜರಡಿ ಗಾತ್ರ ಬರೆದ ಒಂದು ಚೀಟಿ. ಅದೇ ಲಾಟ್‌ನ ಎರಡು ಬಾಟಲಿ ನನ್ನ ಹತ್ತಿರ ಇವೆ, ನಾಳೆ ಅವರು ಏನಾದರೂ ಅಂದರೆ ತೆರೆದು ನೋಡೋಕೆ. ನಿನ್ನೆ ಫೋನ್ ಬಂತು. ಮರಳು ಇಲ್ಲವಂತೆ. ಆದರೆ ಹೋದ ಸಲಕ್ಕಿಂತ ಸ್ವಲ್ಪ ತೆಳು ಅನ್ನಿಸಿತಂತೆ. ಬ್ರಿಕ್ಸ್ ಅದೇ ಇದ್ದರೂ ದಪ್ಪ ಬೇರೆ ಆಗಬಹುದು, ಹಣ್ಣು ಜಾಸ್ತಿ ಮಾಗಿದ್ದರೆ ಪೆಕ್ಟಿನ್ ಸಡಿಲವಾಗಿರುತ್ತದೆ. ದಪ್ಪ ಅಳೆಯೋಕೆ ಬಾಸ್ಟ್‌ವಿಕ್ ಅಂತ ಒಂದು ತೊಟ್ಟಿ ಬರುತ್ತದೆ. ಬಾಗಿಲು ಎತ್ತಿದರೆ ಪ್ಯೂರಿ 30 ಸೆಕೆಂಡಿನಲ್ಲಿ ಎಷ್ಟು ಸೆಂಟಿಮೀಟರ್ ಹರಿಯಿತು ಅಂತ ನೋಡುವುದು. ಸದ್ಯಕ್ಕೆ ಒಂದು ಸ್ಟೀಲ್ ಟ್ರೇಗೆ ಸ್ಕೇಲ್ ಅಂಟಿಸಿದ್ದೇನೆ. ಗೇಟ್ ಮಾತ್ರ ಇನ್ನೂ ಸೋರುತ್ತಿದೆ.