ಹುಲಿಗಿ, ಪಂಪಾಸರೋವರ, ನವಬೃಂದಾವನ: ಹೊಳೆ ಸ್ನಾನಕ್ಕೆ ಹೋಗೋರಿಗೆ

ಕೊಪ್ಪಳ ಜಿಲ್ಲೆಯ ಈ ಮೂರೂ ಕ್ಷೇತ್ರಗಳನ್ನ ಒಂದೇ ದಿನದಲ್ಲಿ ಮುಗಿಸ್ಬೋದಾ ಅಂತ ತುಂಬಾ ಜನ ಕೇಳ್ತಾರೆ. ಮುಗಿಸ್ಬೋದು, ಆದ್ರೆ ಹೊರಡೋಕ್ ಮುಂಚೆ ಡ್ಯಾಮ್‌ನಿಂದ ಹೊಳೆಗೆ ನೀರು ಬಿಟ್ಟಿದಾರಾ ಅಂತ ತಿಳ್ಕೊಳ್ಳಿ. ತುಂಗಭದ್ರಾ ಡ್ಯಾಮ್‌ಗೆ 33 ಗೇಟು, ಹುಲಿಗಿ ಇರೋದು ಅದರ ಕೆಳಗೇ, ಮಳೆಗಾಲದಲ್ಲಿ ಗೇಟ್ ಎತ್ತಿದ್ರೆ ನೀರು ನೋಡ್ತಾ ನೋಡ್ತಾ ಏರುತ್ತೆ, ಆನೆಗೊಂದಿಯಿಂದ ನವಬೃಂದಾವನಕ್ಕೆ ಹೋಗೋ ದೋಣಿನೂ ನಿಂತ್ಬಿಡುತ್ತೆ. ದೀಪಾವಳಿ ಮುಗಿದ್ಮೇಲೆ ಸಂಕ್ರಾಂತಿವರೆಗೂ ಒಳ್ಳೇ ಟೈಮು.

ರೈಲಲ್ಲಿ ಬರೋರು ಮುನಿರಾಬಾದ್‌ನಲ್ಲಿ ಇಳೀರಿ, ಹುಲಿಗೆಮ್ಮನ ಗುಡಿ ಹತ್ರನೇ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಕಾಲಿಡೋಕೆ ಜಾಗ ಇರಲ್ಲ. ಇಲ್ಲಿ ಮೊದ್ಲು ಹೊಳೆ ಸ್ನಾನ, ಆಮೇಲೆ ಅಮ್ಮನ ದರ್ಶನ. ನಮ್ಮವ್ವ ನೀರಿಗೆ ಇಳಿಯೋಕ್ ಮುಂಚೆ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ಕೊಂಡ್ಳು, ಅರಿಶಿನ ಕುಂಕುಮ ಹೂವು ಏರಿಸಿ "ಗಂಗವ್ವ, ಕಾಲು ಇಡ್ತೀನಿ, ತಪ್ಪು ತಿಳೀಬ್ಯಾಡ" ಅಂದು ಆಮೇಲೆ ಇಳಿದ್ಳು. ಮಂತ್ರ ಬರೋರು "ಗಂಗೇ ಚ ಯಮುನೇ ಚೈವ" ಅಂತ ಏಳು ನದಿಗಳನ್ನ ಈ ನೀರಿಗೇ ಕರೀತಾರೆ, ಬೊಗಸೆಯಲ್ಲಿ ಸೂರ್ಯನಿಗೆ ಅರ್ಘ್ಯ ಕೊಡ್ತಾರೆ, ಪಿತೃಗಳಿಗಾದ್ರೆ ಹೆಬ್ಬೆರಳು ತೋರುಬೆರಳಿನ ಮಧ್ಯದಿಂದ ನೀರು ಬಿಡ್ತಾರೆ. ಮಂತ್ರ ಬರದಿದ್ರೆ ಅವ್ವನ ಆ ಒಂದು ಮಾತು ಸಾಕು ಅಂತ ನಾನು ಮನಸಾರೆ ನಂಬ್ತೀನಿ.

ಬೇಜಾರಾಗೋದು ಅಂದ್ರೆ ಘಾಟಲ್ಲಿ ತೇಲೋ ಶಾಂಪೂ ಪಾಕೆಟ್ಟು, ಬಿಟ್ಟುಹೋದ ಹಳೇ ಬಟ್ಟೆ. ನೀರಲ್ಲಿ ಉಗುಳಬಾರ್ದು, ಹೊಲಸು ಹಾಕಬಾರ್ದು ಅಂತ ಮನುಸ್ಮೃತಿಯಲ್ಲೇ ಇದೆ, ತಾಯಿ ಅಂತ ಕೈಮುಗಿದು ಅವಳ ಮೈಮೇಲೆ ಸೋಪಿನ ನೊರೆ ಬಿಡೋದು ಯಾವ ಭಕ್ತಿ? ದಯವಿಟ್ಟು ಸೋಪು ಮನೇಲೇ ಬಿಟ್ಟು ಬನ್ನಿ. ಒದ್ದೆ ಬಟ್ಟೆಗೆ ಒಂದು ಚೀಲ, ನೀರು ಹಾಕ್ಕೊಳ್ಳೋಕೆ ಒಂದು ತಂಬಿಗೆ ತನ್ನಿ. ಬಂಡೆ ಜಾರುತ್ತೆ, ಈ ಹೊಳೆಯಲ್ಲಿ ಮೊಸಳೆನೂ ಇದಾವೆ, ಹಂಗಾಗಿ ಜನ ಸ್ನಾನ ಮಾಡೋ ಮೆಟ್ಟಿಲು ಬಿಟ್ಟು ಬೇರೆ ಕಡೆ ಇಳೀಬೇಡಿ. ತುಂಗಾ ಪಾನ ಗಂಗಾ ಸ್ನಾನ ಅಂತ ಹಿರೀರು ಹೇಳಿದ್ದು ನಿಜ, ಆದ್ರೂ ಈಗ ಹೊಳೆ ನೀರು ಹಾಗೇ ಕುಡೀಬೇಡಿ, ತಲೆಗೆ ಪ್ರೋಕ್ಷಣೆ ಮಾಡ್ಕೊಳ್ಳಿ.

ಅಲ್ಲಿಂದ ಸಾಣಾಪುರ ದಾಟಿ ಆನೆಗೊಂದಿ ಕಡೆ ಹೋಗೋ ದಾರೀಲಿ ಪಂಪಾಸರೋವರ. ಮಾನಸ, ಬಿಂದು, ನಾರಾಯಣ, ಪುಷ್ಕರ, ಪಂಪಾ ಅಂತ ಪಂಚ ಸರೋವರಗಳಲ್ಲಿ ಇದೊಂದು. ಪಂಪಾ ಅನ್ನೋದು ತುಂಗಭದ್ರೆಯ ಹಳೇ ಹೆಸರೂ ಹೌದು. ಶಬರಿ ರಾಮನಿಗಾಗಿ ಕಾದಿದ್ದು ಇಲ್ಲೇ ಅನ್ನೋ ನಂಬಿಕೆ, ದಂಡೆಯಲ್ಲೇ ಲಕ್ಷ್ಮೀ ಗುಡಿ ಇದೆ. ಫೋಟೋ ತೆಗೆದು ಓಡಬೇಡಿ, ಸ್ವಲ್ಪ ಹೊತ್ತು ಕೂತ್ಕೊಳ್ಳಿ.

ನವಬೃಂದಾವನ ತುಂಗಭದ್ರೆಯ ನಡುಗಡ್ಡೆ, ಆನೆಗೊಂದಿ ದಡದಿಂದ ದೋಣಿ. ಒಂಬತ್ತು ಯತಿಗಳ ಬೃಂದಾವನ, ಅಂದ್ರೆ ಸಮಾಧಿ, ನಡುವೆ ವ್ಯಾಸರಾಜರು, ಮಂತ್ರಾಲಯದ ರಾಯರ ಗುರುಗಳಾದ ಸುಧೀಂದ್ರ ತೀರ್ಥರದ್ದೂ ಇಲ್ಲೇ. ಸುತ್ತಲೂ ಹರಿಯೋ ನೀರೇ ಅಭಿಷೇಕವಾಗಿ ತೀರ್ಥ ಆಗಿ ನಿಮ್ಮ ಅಂಗೈಗೆ ಬರುತ್ತೆ, ಅದನ್ನ ತಗೊಳ್ವಾಗ ನಂಗೆ ಮಾತೇ ಹೊರಡಲಿಲ್ಲ. ಗಂಡಸರು ಪಂಚೆ ಶಲ್ಯ ತನ್ನಿ, ಕುಡಿಯೋ ನೀರು ಜೊತೆಗಿರ್ಲಿ, ಲೈಫ್ ಜಾಕೆಟ್ ಕೇಳಿ ಹಾಕ್ಕೊಳ್ಳಿ, ಮಧ್ಯಾಹ್ನದೊಳಗೇ ದಾಟಿ.

ಹನ್ನೆರಡು ವರ್ಷಕ್ಕೊಮ್ಮೆ ಬರೋ ಹೊಳೆ ಹಬ್ಬ ತುಂಗಭದ್ರಾ ಪುಷ್ಕರ 2020ರಲ್ಲಿ ಆಗಿದೆ, ಇನ್ನು 2032ಕ್ಕೆ, ಅಲ್ಲಿವರೆಗೂ ಕಾಯೋದೇನೂ ಬೇಡ. ಹಿರಿಯರು ಜೊತೆಗಿದ್ರೆ ಆನೆಗೊಂದಿ ಹತ್ರದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಇನ್ನೊಂದು ದಿನಕ್ಕೆ ಇಟ್ಕೊಳ್ಳಿ, ಊಟಕ್ಕೆ ಗಂಗಾವತಿಗೆ ಹೋದ್ರಾಯ್ತು.