ಕರೆಂಟ್ ಹೋದ ರಾತ್ರಿ, ವೋಡ್ಕಾ ಕುಡಿದ ಟ್ಯಾಂಕ್

ಮೀನಿನ ಟ್ಯಾಂಕ್ ಸರ್ವಿಸ್ ಬಿಲ್ಲಿನಲ್ಲಿ 'ವೋಡ್ಕಾ, ಒಂದು ಕ್ವಾರ್ಟರ್' ಅಂತ ಬರೆದಿದ್ದಕ್ಕೆ ಅಂಗಡಿಯಲ್ಲಿ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ನಗಲಿ ಬಿಡಿ.

ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಹೋಂಸ್ಟೇ. ಹಾಲ್‌ನಲ್ಲಿ ನಾಲ್ಕಡಿ ಮರೈನ್ ಟ್ಯಾಂಕ್, ಅಂದರೆ ಸಮುದ್ರದ ಮೀನಿನ ಉಪ್ಪುನೀರಿನ ಟ್ಯಾಂಕ್. ಬಂದ ಗೆಸ್ಟ್‌ಗಳೆಲ್ಲ ಮೀನಿಗೆ ಊಟ ಹಾಕುವವರೇ. ಬ್ಯಾಕ್ಟೀರಿಯಾ ತುಂಬಿದ ಸಮುದ್ರದ ಕಲ್ಲು, ಲೈವ್ ರಾಕ್, ಪಾಪ ಮಿಕ್ಕ ಊಟ, ಗಲೀಜಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡಿ ಸುಸ್ತಾಗುತ್ತಿತ್ತು. ನೈಟ್ರೇಟ್ ಮಾತ್ರ ಅಲ್ಲೇ ಉಳಿಯುತ್ತಿತ್ತು. ವಾಟರ್ ಚೇಂಜ್ ಜಾಸ್ತಿ ಮಾಡೋಣ ಅಂದರೆ ಮ್ಯಾನೇಜರ್ ರಾಗ, "ನೀರು ಕ್ಲೀನಾಗೇ ಇದೆಯಲ್ರೀ, ಮತ್ತೆ ಸಾಲ್ಟ್ ಯಾಕೆ?"

ಅದಕ್ಕೇ ವೋಡ್ಕಾ. ಸಿರಿಂಜ್‌ನಲ್ಲಿ ದಿನಾ ಸ್ವಲ್ಪ. ಅದರ ಕಾರ್ಬನ್ ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತೆ, ಜೊತೆಗೆ ನೈಟ್ರೇಟ್, ಫಾಸ್ಫೇಟ್ ಎಳೆದುಕೊಳ್ಳುತ್ತೆ, ಆ ಬ್ಯಾಕ್ಟೀರಿಯಾವನ್ನು ಗಾಳಿ ಗುಳ್ಳೆ ಎಬ್ಬಿಸುವ ಸ್ಕಿಮ್ಮರ್ ಯಂತ್ರ ನೊರೆಯಲ್ಲಿ ಎತ್ತಿ ಹಾಕುತ್ತೆ. ಕಪ್ ತುಂಬ ಕಪ್ಪು ಗಬ್ಬು ನೀರು. ಟೆಸ್ಟ್ ಕಿಟ್ ಬಣ್ಣ ತಿಳಿಯಾಗುತ್ತಾ ಬಂತು, ಅಂದರೆ ನೈಟ್ರೇಟ್ ಇಳಿಯುತ್ತಿತ್ತು.

ಜುಲೈ ಮಳೆ. ಲೈನ್ ಮೇಲೆ ಮರ ಬಿತ್ತು. ಇನ್ವರ್ಟರ್‌ನಲ್ಲಿ ಟಿವಿ ಇತ್ತು, ವೈಫೈ ಇತ್ತು, ಟ್ಯಾಂಕಿಗೆ ನೀರು ವಾಪಸ್ ಹರಿಸುವ ರಿಟರ್ನ್ ಪಂಪೂ ಇತ್ತು. ಸ್ಕಿಮ್ಮರ್ ಇರಲಿಲ್ಲ. ರಾತ್ರಿ ಅಡುಗೆ ಹುಡುಗ ಫೋನ್ ಮಾಡಿದ. "ಅಣ್ಣಾ, ಟ್ಯಾಂಕ್ ಮಜ್ಜಿಗೆ ಆಗೋಯ್ತು."

ಯಾರೋ ಮರಳು ಕೆದಕಿದ್ದಾರೆ ಅಂದುಕೊಂಡೆ. "ಇಳಿಯುತ್ತೆ, ಮಲಗು" ಅಂದೆ. ಆಮೇಲೆ ಅವನೇ ಒಂದು ಫೋಟೊ ಕಳಿಸಿದ. ಕ್ಲೌನ್ ಮೀನುಗಳೆರಡೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಫಾಕ್ಸ್‌ಫೇಸ್ ಮೀನು ಮೂಲೆಯಲ್ಲಿ ವಾಲಿಕೊಂಡಿತ್ತು. ಮರಳಲ್ಲ, ಬ್ಯಾಕ್ಟೀರಿಯಾ. ಬೆಳಗಿನ ಡೋಸ್ ತಿಂದು ಹೆಚ್ಚಿ, ಇದ್ದ ಆಕ್ಸಿಜನ್ನೂ ಮುಗಿಸುತ್ತಿತ್ತು. ಅದನ್ನು ಎತ್ತಿ ಹಾಕಿ, ನೀರಿಗೆ ಗಾಳಿಯನ್ನೂ ಕೊಡಬೇಕಿದ್ದ ಸ್ಕಿಮ್ಮರ್ ಸತ್ತು ಕೂತಿತ್ತು. ದಾರಿಯಲ್ಲಿ ಮರ, ನಾನು ಹೋಗುವ ಹಾಗಿಲ್ಲ. "ಜಗ್‌ನಲ್ಲಿ ನೀರು ಎತ್ತಿ ಎತ್ತರದಿಂದ ಸುರಿ, ನಿಲ್ಲಿಸಬೇಡ" ಅಂದೆ. ಬೆಳಗಿನ ತನಕ ಸುರಿದ, ಪುಣ್ಯಾತ್ಮ. ಕ್ಲೌನ್ ಉಳಿದವು. ಫಾಕ್ಸ್‌ಫೇಸ್ ಹೋಯ್ತು.

ಆಮೇಲೆ ಓನರ್, ವೋಡ್ಕಾ ಬದಲು ಡೀಪ್ ಸ್ಯಾಂಡ್ ಬೆಡ್ ಮಾಡಿ ಅಂದರು. ನಾಲ್ಕಿಂಚಿಗಿಂತ ಜಾಸ್ತಿ ಮರಳು ಬೇಕು, ಆಕ್ಸಿಜನ್ ಇಲ್ಲದ ಅಡಿಯ ಪದರದಲ್ಲಿ ಬ್ಯಾಕ್ಟೀರಿಯಾದಿಂದ ನೈಟ್ರೇಟ್ ಒಡೆದು ನೈಟ್ರೋಜನ್ ಗಾಳಿ ಆಗುತ್ತೆ, ನಿಜ. ಆದರೆ ಅದೇ ಪದರದಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗಾಳಿಯೂ ಕೂರಬಹುದು. ಗೆಸ್ಟ್ ಮಕ್ಕಳು ಕೈ ಹಾಕುವ ಟ್ಯಾಂಕಿಗೆ ಆ ಸಾಹಸ ಬೇಡ ಅಂದೆ. ಈಗ ಟ್ಯಾಂಕಿಗೆ ಸೇರಿದ ಫಿಲ್ಟರ್ ತೊಟ್ಟಿ, ಸಂಪ್‌ನಲ್ಲಿ ಕೀಟೊ ಅನ್ನೋ ಪಾಚಿ ಬೆಳೆಸುತ್ತೇವೆ. ಅದರ ಲೈಟ್ ಉರಿಯುವುದು ರಾತ್ರಿ, ಟ್ಯಾಂಕ್ ಲೈಟ್ ಆಫ್ ಆದಮೇಲೆ. ಬೆಳೆದಷ್ಟು ಕಿತ್ತು ಎಸೆದರೆ ಅದು ತಿಂದ ನೈಟ್ರೇಟೂ ಆಚೆ. ನಿಧಾನ, ಆದರೆ ದಿಢೀರ್ ಕೈ ಕೊಡಲ್ಲ.

ಕರೆಂಟ್ ಹೋದರೆ ಕತ್ತಲಲ್ಲಿ ಕೀಟೊ ಕೂಡ ಆಕ್ಸಿಜನ್ ತಿನ್ನುತ್ತೆ, ಬ್ಯಾಟರಿ ಏರ್ ಪಂಪ್ ಬೇಕೇ ಬೇಕು. ಮ್ಯಾನೇಜರ್ ಅದಕ್ಕೆ ಇನ್ನೂ ಅಪ್ರೂವಲ್ ಕೊಟ್ಟಿಲ್ಲ. ನಂದೇ ಒಂದನ್ನು ಅಲ್ಲಿಟ್ಟು, ಅಡುಗೆ ಹುಡುಗನಿಗೆ ಸ್ವಿಚ್ ತೋರಿಸಿ ಬಂದಿದ್ದೇನೆ.