ಸ್ಕಾಲರ್‌ಶಿಪ್ ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ

ಹಾಸನದ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ನಾನು ಸ್ಕಾಲರ್‌ಶಿಪ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಆಲೂರು, ಬೇಲೂರು, ಸಕಲೇಶಪುರ, ಅರಕಲಗೂಡು ಕಡೆಯವರು. ಅವರ ಅಪ್ಪ ಅಮ್ಮ ಕಾಲೇಜಿಗೆ ಬರುವುದು ಅಪರೂಪ. ಅಡ್ಮಿಷನ್‌ಗೆ ಬರುತ್ತಾರೆ, ಆಮೇಲೆ ಸ್ಕಾಲರ್‌ಶಿಪ್ ದುಡ್ಡು ಬರದೇ ಹೋದಾಗ ಬರುತ್ತಾರೆ. ಅದೂ ಒಂದು ದಿನದ ಕೂಲಿ ಬಿಟ್ಟು.

ಕಿಟಕಿಯಲ್ಲಿ ಕೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಸಾರ್, ಅರ್ಜಿ ಹಾಕಾಯ್ತು, ಫೋನಲ್ಲಿ ಮಂಜೂರು ಅಂತ ತೋರಿಸ್ತಿದೆ, ಪಕ್ಕದ ಮನೆ ಹುಡುಗಿಗೆ ಬಂದೂ ಆಯ್ತು, ನಮ್ ಹುಡುಗಂಗೆ ಯಾಕಿಲ್ಲ?" ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ಜಾತಿ ಪತ್ರ, ಆದಾಯ ಪತ್ರ, ಮಾರ್ಕ್ಸ್ ಕಾರ್ಡ್, ರೇಷನ್ ಕಾರ್ಡ್, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್. ಅರ್ಜಿಯಲ್ಲೇ ಏನೋ ತಪ್ಪಾಗಿದೆ, ಇನ್ನೊಂದು ಪತ್ರ ಕೊಟ್ಟರೆ ಸರಿಹೋಗುತ್ತದೆ ಅನ್ನೋದು ಅವರ ಲೆಕ್ಕ.

ಈ ಕೆಲಸ ನನಗೆ ಕಲಿಸಿದ್ದು ಅದರ ಉಲ್ಟಾ. ಮಂಜೂರು ಅಂತ ತೋರಿಸಿದ ಮೇಲೆ ಅರ್ಜಿಯ ಕಡೆ ನೋಡಿ ಪ್ರಯೋಜನ ಇಲ್ಲ. ದುಡ್ಡು ಬಂದು ಇಳಿಯುವ ಜಾಗದಿಂದ ಹಿಂದಕ್ಕೆ ಹುಡುಕಬೇಕು. ನಮ್ಮ ಕಿಟಕಿಗೆ ಬರುವ ತಕರಾರುಗಳಲ್ಲಿ ಬಹುಪಾಲು ಆಧಾರ್ ಮತ್ತು ಬ್ಯಾಂಕ್ ಖಾತೆಯ ನಡುವೆ ಸಿಕ್ಕಿಕೊಂಡಿರುತ್ತವೆ.

ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಖಾತೆ ನಂಬರಿಗೆ ದುಡ್ಡು ಹಾಕುವುದಿಲ್ಲ. ವಿದ್ಯಾರ್ಥಿಯ ಆಧಾರ್ ನಂಬರಿಗೆ ಕಳಿಸುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅನ್ನುವ ಪಟ್ಟಿ ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆಯ ಹತ್ತಿರ ಇರುತ್ತದೆ. ಆ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕ್. ಕೊನೆಗೆ ಯಾವ ಬ್ಯಾಂಕಿನಲ್ಲಿ ಇದನ್ನು ಮಾಡಿಸಿದ್ದೀರೋ ಅದೇ ಲೆಕ್ಕಕ್ಕೆ. ಮನೆಯಲ್ಲಿ ಎಷ್ಟು ಪಾಸ್‌ಬುಕ್ ಇದ್ದರೂ ಅಷ್ಟೇ.

ಇಲ್ಲಿ ಪೋಷಕರು ಎಡವುವ ಜಾಗ ಒಂದಿದೆ. "ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೀವಿ ಸಾರ್" ಅನ್ನುತ್ತಾರೆ. ಕೊಟ್ಟಿರುವುದು ನಿಜ. ಆದರೆ ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ, ಆಧಾರ್ ಜೆರಾಕ್ಸ್ ಕೊಡುವುದು ಒಂದು ಕೆಲಸ, ಸರ್ಕಾರದ ದುಡ್ಡು ನೇರವಾಗಿ (ಇದೇ ಡಿಬಿಟಿ) ಈ ಖಾತೆಗೇ ಬರಲಿ ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎನ್‌ಪಿಸಿಐ ಪಟ್ಟಿಗೆ ಸೇರಿಸುವುದು, ಅಂದರೆ ಮ್ಯಾಪಿಂಗ್ ಮಾಡಿಸುವುದು, ಇನ್ನೊಂದು ಕೆಲಸ. ಮೊದಲನೆಯದು ಆಗಿ ಎರಡನೆಯದು ಆಗದ ಖಾತೆಗಳು ಬೇಕಾದಷ್ಟಿವೆ. ಕೌಂಟರಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ?" ಅಂತ ಕೇಳಿದರೆ "ಆಗಿದೆ" ಅನ್ನುತ್ತಾರೆ, ಅವರೂ ಸುಳ್ಳು ಹೇಳುತ್ತಿಲ್ಲ. ಅದಕ್ಕೇ ನಾನು ಪೋಷಕರಿಗೆ ಕೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ: "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ನೋಡಿ, ಇಲ್ಲದಿದ್ದರೆ ಡಿಬಿಟಿ ಒಪ್ಪಿಗೆ ಫಾರಂ ಕೊಡಿ."

ಬ್ಯಾಂಕಿಗೆ ಹೋಗುವ ಮೊದಲೇ ಇದನ್ನು ನೋಡಬಹುದು. ಮೈ ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಜಾಗ ಇದೆ. ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯೋ ಇಲ್ಲವೋ ಎಂದು ಅಲ್ಲೇ ತೋರಿಸುತ್ತದೆ. ಡಿಬಿಟಿ ಕರ್ನಾಟಕ ಅನ್ನುವ ಆ್ಯಪಿನಲ್ಲಿ ದುಡ್ಡು ಯಾವಾಗ, ಯಾವ ಖಾತೆಗೆ ಹೋಗಿದೆ ಅಂತ ನೋಡಬಹುದು. ಎಷ್ಟೋ ಸಲ ಇದನ್ನು ತೆಗೆದು ತೋರಿಸಿದಾಗ ಅಪ್ಪನ ಮುಖ ನೋಡಬೇಕು. ದುಡ್ಡು ಬಂದು ತಿಂಗಳುಗಳೇ ಆಗಿರುತ್ತವೆ! ಹುಡುಗ ಮೊಬೈಲ್ ಅಂಗಡಿಯಲ್ಲಿ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿರುತ್ತಾನೆ. ಮ್ಯಾಪಿಂಗ್ ಅಲ್ಲಿಗೆ ಹಾರಿರುತ್ತದೆ. ಅಪ್ಪ ಊರಿನ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಾ ಕೂತಿರುತ್ತಾರೆ. ಹುಡುಗನಿಗೆ ಆ ಖಾತೆ ಇರೋದೇ ಮರೆತುಹೋಗಿರುತ್ತದೆ. ಕೆಲವರಿಗೆ ನೆನಪಿರುತ್ತದೆ, ಹೇಳಿರುವುದಿಲ್ಲ. ಅಂಥ ಹೊತ್ತಿನಲ್ಲಿ ನಾನು ಕಂಪ್ಯೂಟರ್ ಕಡೆ ತಿರುಗಿ ಸುಮ್ನೆ ಏನೋ ಟೈಪ್ ಮಾಡುತ್ತೇನೆ. ಅದು ಅವರ ಮನೆ ವಿಷಯ.

ಡಿಗ್ರಿ ಮಕ್ಕಳಲ್ಲಿ ಮಾತ್ರ ಕಾಣುವ ಇನ್ನೊಂದು ತೊಂದರೆ ವಯಸ್ಸಿನದು. ಸ್ಕೂಲಿನಲ್ಲಿದ್ದಾಗ ಅಮ್ಮನ ಜೊತೆ ಸೇರಿಸಿ ಖಾತೆ ಮಾಡಿಸಿರುತ್ತಾರೆ. ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ದುಡ್ಡು ಸರಿಯಾಗಿ ಬಂದಿರುತ್ತದೆ. ಫಸ್ಟ್ ಇಯರ್ ಡಿಗ್ರಿಗೆ ಬರುವಾಗ 18 ತುಂಬುತ್ತದೆ. ಮೈನರ್ ಖಾತೆಯನ್ನು ಮೇಜರ್ ಮಾಡಿಸಬೇಕು, ಹೊಸ ಸಹಿ, ಹೊಸ ಫೋಟೋ, ಹೊಸ ಕೆವೈಸಿ ಕೊಡಬೇಕು. ಯಾರೂ ಹೇಳಿರುವುದಿಲ್ಲ. ಖಾತೆಯ ವ್ಯವಹಾರ ನಿಲ್ಲುತ್ತದೆ. "ಹೋದ ವರ್ಷ ಇದೇ ಖಾತೆಗೆ ಬಂತಲ್ಲ ಸಾರ್" ಅಂತ ಅಮ್ಮ ಪಾಸ್‌ಬುಕ್ ತೋರಿಸುತ್ತಾರೆ. ಅವರ ಮಾತಲ್ಲೂ ತಪ್ಪಿಲ್ಲ. ಅದೇ ವಯಸ್ಸಿನ ಸುತ್ತ ಆಧಾರಿನದೂ ಒಂದು ಕೆಲಸ ಬಾಕಿ ಇರುತ್ತದೆ. 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಬೆರಳಚ್ಚು, ಕಣ್ಣು ಅಪ್‌ಡೇಟ್ ಕಡ್ಡಾಯ. ಅದನ್ನು ಮಾಡಿಸದ ಮಕ್ಕಳು ಬ್ಯಾಂಕಿನಲ್ಲಿ ಬೆರಳು ಒತ್ತಿದರೆ ಮಷೀನ್ ಒಪ್ಪುವುದಿಲ್ಲ.

ಮತ್ತೆ ಮೊಬೈಲ್ ನಂಬರ್. ನನ್ನ ಪ್ರಕಾರ ಇದೇ ಬೇರು. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುವವರು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಾರೆ, ಅಲ್ಲಿ ಯಾವ ಸಿಗ್ನಲ್ ಸಿಗುತ್ತೋ ಆ ಸಿಮ್ ಹಾಕುತ್ತಾರೆ. ಹಳೇ ನಂಬರ್ ರೀಚಾರ್ಜ್ ಇಲ್ಲದೆ ಸತ್ತುಹೋಗುತ್ತದೆ. ಆದರೆ ಆಧಾರಿನಲ್ಲಿ, ಎಸ್‌ಎಸ್‌ಪಿ ಲಾಗಿನ್‌ನಲ್ಲಿ ಇರುವುದು ಅದೇ ನಂಬರ್. ಪಾಸ್‌ವರ್ಡ್ ಮರೆತರೆ ಒಟಿಪಿ ಅಲ್ಲಿಗೇ ಹೋಗುತ್ತದೆ. ಆಧಾರಿನ ಮೊಬೈಲ್ ನಂಬರ್ ಬದಲಿಸಲು ನಮ್ಮವರಲ್ಲಿ ಹೆಚ್ಚಿನವರು ಆಧಾರ್ ಕೇಂದ್ರಕ್ಕೇ ಹೋಗುತ್ತಾರೆ. ಸೈಬರ್ ಅಂಗಡಿಯವರು ತಮ್ಮದೇ ನಂಬರ್ ಹಾಕಿ ಅರ್ಜಿ ಮುಗಿಸಿದ್ದರಂತೂ ಕೇಳುವುದೇ ಬೇಡ. ಮುಂದಿನ ವರ್ಷ ರಿನ್ಯೂವಲ್‌ಗೆ ಆ ಅಂಗಡಿಯೇ ಇರುವುದಿಲ್ಲ.

ದುಡ್ಡು ಅರ್ಧ ಮಾತ್ರ ಬಂತು ಅಂತ ಬರುವವರೂ ಇದ್ದಾರೆ. ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್, ಅಂದರೆ ಎಸ್‌ಎಸ್‌ಎಲ್‌ಸಿ ನಂತರದ ಓದಿನ, ವಿದ್ಯಾರ್ಥಿವೇತನದಲ್ಲಿ ನೂರಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿದ ಪದ್ಧತಿ ಇದು. ಎರಡು ಪಾಲೂ ಒಟ್ಟಿಗೆ ಬರುವುದಿಲ್ಲ. ಮೊದಲ ಕಂತು ನೋಡಿ "ಮಧ್ಯದಲ್ಲಿ ಯಾರೋ ತಿಂದರು" ಅಂತ ಗಲಾಟೆಗೆ ಬಂದವರಿಗೆ ನಾನು ಇದನ್ನು ಹಾಳೆಯ ಮೇಲೆ ಬರೆದೇ ವಿವರಿಸುತ್ತೇನೆ. ಬಾಯಲ್ಲಿ ಹೇಳಿದರೆ ನಾವೇ ತಿಂದವರ ಪಟ್ಟಿಗೆ ಸೇರುತ್ತೇವೆ!

ಪತ್ರಗಳ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಆದಾಯ ಪತ್ರಕ್ಕೆ ಐದು ವರ್ಷದ ಆಯುಸ್ಸು. ಪ್ರೌಢಶಾಲೆಗೆ ಮಾಡಿಸಿದ್ದು ಡಿಗ್ರಿ ನಡುವೆ ಮುಗಿಯುತ್ತದೆ. ನಾಡಕಚೇರಿಯಲ್ಲಿ ಹೊಸದು ತಗೊಂಡು ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಬೇಕು. ಆಧಾರಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಸೇರಿ ಇನ್ನೊಂದು ಹೆಸರು ಇದ್ದರೂ ಅಡ್ಡಿ. ಆದರೆ ಇವು ಅರ್ಜಿ ಹಾಕುವಾಗಲೇ ಗೊತ್ತಾಗಿಬಿಡುತ್ತವೆ, ಅಲ್ವಾ? ಪೋರ್ಟಲ್ ಮುಂದಕ್ಕೇ ಬಿಡುವುದಿಲ್ಲ. ಖಾತೆಯ ತೊಂದರೆ ಹಾಗಲ್ಲ. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ತಲೆ ಎತ್ತುತ್ತದೆ.

ಹಾಗಾಗಿ ನಮ್ಮ ಆಫೀಸಿನಲ್ಲಿ ಈಗ ಕ್ರಮ ತಿರುಗಿಸಿದ್ದೇವೆ. ಅಡ್ಮಿಷನ್ ಫಾರಂ ಜೊತೆಗೇ ಸೀಡಿಂಗ್ ಸ್ಟೇಟಸ್‌ನ ಪ್ರಿಂಟ್ ತರಲು ಹೇಳುತ್ತೇವೆ. ಯಾವ ಬ್ಯಾಂಕ್ ತೋರಿಸುತ್ತಿದೆ, ಆ ಬ್ಯಾಂಕಿನ ಖಾತೆ ಓಡುತ್ತಿದೆಯಾ, ವಿದ್ಯಾರ್ಥಿಗೆ 18 ಯಾವಾಗ ತುಂಬುತ್ತದೆ, ಆಧಾರಿನಲ್ಲಿರುವ ನಂಬರ್ ಯಾರ ಜೇಬಿನಲ್ಲಿದೆ. ಇಷ್ಟನ್ನು ಅಪ್ಪ ಅಮ್ಮ ಎದುರಿಗಿರುವಾಗಲೇ ಕೇಳುತ್ತೇವೆ. ಮೊದಮೊದಲು ಸಹೋದ್ಯೋಗಿಗಳು ಗೊಣಗಿದರು. ಅಡ್ಮಿಷನ್ ರಶ್ಶಿನಲ್ಲಿ ಇದೊಂದು ತಲೆನೋವು ಅಂದರು. ಈಗ ಫೆಬ್ರವರಿ, ಮಾರ್ಚಿನಲ್ಲಿ ಕಿಟಕಿ ಮುಂದೆ ಸಾಲು ಕಮ್ಮಿಯಾಗಿದೆ, ಗೊಣಗಾಟವೂ ಕಮ್ಮಿಯಾಗಿದೆ.

ಇನ್ನೊಂದು ಮಾತು. ಮ್ಯಾಪಿಂಗ್ ಮಾಡಿಸಲು ಬ್ಯಾಂಕಿನಲ್ಲಿ ದುಡ್ಡು ಕೇಳುವುದಿಲ್ಲ. "ಇಷ್ಟು ಕೊಡಿ, ದುಡ್ಡು ರಿಲೀಸ್ ಮಾಡಿಸ್ತೀನಿ" ಅನ್ನುವವರಿಗೆ ಒಟಿಪಿ ಹೇಳಬೇಡಿ.

ಇಷ್ಟೆಲ್ಲ ಮಾಡಿದರೂ ನಮ್ಮ ಕಿಟಕಿಯಲ್ಲಿ ಬಗೆಹರಿಯದ ಒಂದು ಬಗೆ ಇದೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ನಿಮಗೆ ಗೊತ್ತಿರಬಹುದು. ಡಿಗ್ರಿ ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಅಂತ ಗೊತ್ತುಮಾಡಿದ ಯೋಜನೆ. ಇದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಫ್ರೂಟ್ಸ್ ಐಡಿ, ಅಂದರೆ ಜಮೀನಿನ ಆಧಾರದ ಮೇಲೆ ಸರ್ಕಾರ ಕೊಡುವ ರೈತರ ನೋಂದಣಿ ನಂಬರ್, ಇರಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ಉಳುವ ಜಮೀನಿನ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ ಆಗಬೇಕು, ಅದಕ್ಕೆ ಚಿಕ್ಕಪ್ಪ, ಅತ್ತೆಯರೆಲ್ಲ ಒಪ್ಪಬೇಕು. ಹುಡುಗಿಯ ಮೂರು ವರ್ಷದ ಡಿಗ್ರಿ ಮುಗಿಯುವುದರೊಳಗೆ ಅದು ಆಗುವುದು ಕಷ್ಟ. ಅಂಥವರಿಗೆ ನಾನು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿಡಿ ಅನ್ನುತ್ತೇನೆ. ಕಿರಿಯ ಮಗ ಇನ್ನೂ ಎಂಟನೇ ಕ್ಲಾಸಿನಲ್ಲಿದ್ದರೆ ಅವನ ಹೊತ್ತಿಗಾದರೂ ಪಹಣಿ ಅಪ್ಪನ ಹೆಸರಿಗೆ ಬಂದಿರುತ್ತದೆ.